ಟರ್ಕಿಶ್ ‘ಚಾಲ್’ ಪದಕ್ಕೆ ಇಷ್ಟೊಂದು ಅರ್ಥ, ನೆನಪಿಟ್ಕೊಳ್ಳೋದು ಹೇಗೆ?

ಇಂಗ್ಲಿಷ್ ಡಿಕ್ಷನರೀಲಿ ‘ಚಾಲ್ಮಾಕ್’ಗೆ ಸ್ಟೀಲ್ (ಕದಿಯೋದು), ಪ್ಲೇ, ರಿಂಗ್, ನಾಕ್ ಅಂತ ಇದೆ, ಬಾಯಿಪಾಠ ಮಾಡೋಕೆ ಏನಾದ್ರೂ ಟ್ರಿಕ್ ಇದ್ಯಾ ಅಂತ ಕೇಳಿದೀರ. ನಾನೂ ಇದೇ ನಾಲ್ಕಕ್ಕೆ ನಾಲ್ಕು ಕಾರ್ಡ್ ಬರ್ಕೊಂಡು ಉರು ಹೊಡ್ಕೊಂಡು ಇಸ್ತಾಂಬುಲ್‌ಗೆ ಹೋದವನು.

2019, ಕೆಲಸಕ್ಕೆ ಅಂತ ಹೋಗಿ ಎರಡು ತಿಂಗಳಾಗಿತ್ತು. ಸಂಜೆ ಎಮಿನೋನುನಲ್ಲಿ ಟಿ1 ಟ್ರಾಮ್ ಹತ್ತಿದೆ, ಕಾಲಿಡೋಕೂ ಜಾಗ ಇಲ್ಲ, ಗಲಾಟಾ ಸೇತುವೆ ದಾಟಿ ಕಾರಾಕೋಯ್‌ನಲ್ಲಿ ಇಳಿದು ಜೇಬು ಮುಟ್ಕೊಂಡ್ರೆ ಫೋನಿಲ್ಲ. ಟ್ರಾಮ್ ಇನ್ನೂ ನಿಂತಿದೆ, ಬಾಗಿಲು ತೆರೆದೇ ಇದೆ. ಗೇಟ್ ಹತ್ರ ಇದ್ದ ಗಾರ್ಡ್‌ಗೆ "ಟೆಲೆಫೋನುಮ್ ಚಾಲ್ದಿ" ಅಂತ ಕೂಗ್ದೆ. ಅವನು "ಆಚ್" ಅಂದ. ಆಚ್ ಅಂದ್ರೆ ಹಸಿದಿರೋದು ಅಂತ ನಾನು ಕಲ್ತಿದ್ದು, ಏನ್ ಹೇಳ್ತಿದಾನೆ ಇವ್ನು ಅಂತ ಇನ್ನೂ ಜೋರಾಗಿ ಅದನ್ನೇ ಕೂಗ್ದೆ, ಅವನು ಕೈನ ಕಿವಿ ಹತ್ರ ಹಿಡಿದು ಮತ್ತೆ "ಆಚ್, ಆಚ್" ಅಂದ. ಅಷ್ಟರಲ್ಲಿ ಬಾಗಿಲು ಮುಚ್ಕೊಂಡು ಟ್ರಾಮ್ ಹೊರಟೇ ಹೋಯ್ತು.

ನಾನು ಹೇಳಿದ್ದು "ನನ್ ಫೋನ್ ರಿಂಗಾಯ್ತು" ಅಂತ. ಆಚ್ ಅಂದ್ರೆ ‘ತೆಗಿ’ ಅಂತಾನೂ ಆಗುತ್ತೆ, ಪಾಪ ಅವನು ಫೋನ್ ತೆಗಿ ಅಂತಿದ್ದ. ಕಳುವಾಯ್ತು ಅನ್ನೋಕೆ "ಚಾಲಿಂದಿ" ಅನ್ಬೇಕು, ಚಾಲ್‌ಗೂ ದಿಗೂ ಮಧ್ಯೆ ಒಂದು ‘ಇನ್’ ಬರ್ಬೇಕು, ಅದು ಬಂದ್ರೇನೇ ಬೇರೆ ಯಾರೋ ಮಾಡಿದ್ದು ಅಂತಾಗೋದು, ಅದಿಲ್ದೆ ಇದ್ರೆ ಫೋನೇ ತಾನಾಗಿ ಸದ್ದು ಮಾಡ್ತು ಅಂತ ಅರ್ಥ. ಸ್ಟೀಲ್ ಅನ್ನೋ ಕಾರ್ಡ್ ನೆನಪಿತ್ತು, ಅದಕ್ಕೆ ಭೂತಕಾಲದ ಒಂದು ‘ದಿ’ ಅಂಟಿಸ್ದೆ, ಅಷ್ಟೇ ನಾನ್ ಮಾಡಿದ್ದು. ಆ ಫೋನಲ್ಲಿ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳಿದ್ವು, ಹನ್ನೊಂದು ರೆಕಾರ್ಡಿಂಗ್, ಬೇರೆಲ್ಲೂ ಕಾಪಿ ಇರ್ಲಿಲ್ಲ. ಅಜ್ಜಿ ತೀರ್ಕೊಂಡು ಅದಾಗ್ಲೇ ಒಂದು ವರ್ಷ ಆಗಿತ್ತು.

ಅದಕ್ಕೇ ಹೇಳ್ತಿದೀನಿ, ನಾಲ್ಕು ಅರ್ಥ ಅನ್ನೋದನ್ನೇ ಬಿಟ್ಬಿಡಿ. ಅದು ಇಂಗ್ಲಿಷಿನ ಸಮಸ್ಯೆ, ಅವರ ಹತ್ರ ಇದಕ್ಕೆಲ್ಲ ಒಂದು ಪದ ಇಲ್ಲ. ನಮ್ಮ ಹತ್ರ ಇದೆ, ‘ಹೊಡಿ’. ಚಾಲ್ಮಾಕ್ ಮೂಲದಲ್ಲಿ ಹೊಡಿಯೋದು ಅಂತಾನೇ. ಗಂಟೆ ಹೊಡಿ, ಜಿಲ್ ಚಾಲ್. ಹಾರ್ನ್ ಹೊಡಿ, ಕೋರ್ನಾ ಚಾಲ್. ಶಿಳ್ಳೆ ಹೊಡಿಯೋದು ಇಸ್ಲಿಕ್ ಚಾಲ್ಮಾಕ್, ಡೋಲು ಹೊಡಿಯೋದು ದಾವುಲ್ ಚಾಲ್ಮಾಕ್. ಕಳ್ಳತನಕ್ಕೂ ನಾವು ದುಡ್ಡು ಹೊಡೆದ ಅಂತೀವಲ್ವಾ? ಈಗ ನೋಡಿ, "ಫೋನ್ ಹೊಡ್ಕೊಳ್ತು" ಅಂದ್ರೆ ರಿಂಗಾಯ್ತು, "ನನ್ ಫೋನ್‌ನ ಹೊಡೆದ್ರು" ಅಂದ್ರೆ ಕದ್ರು. ಟರ್ಕಿಶಲ್ಲೂ "ಟೆಲೆಫೋನುಮು ಚಾಲ್ದಿಲಾರ್" ಅಂದ್ರೆ ಕದ್ರು, ಕೊನೆಯ ‘ಉ’ ನಮ್ಮ ‘ಅನ್ನು’ ಇದ್ದಂಗೆ, ‘ಲಾರ್’ ನಮ್ಮ ‘ರು’. ಅವತ್ತು ಕನ್ನಡದಲ್ಲಿ ಯೋಚ್ನೆ ಮಾಡಿದ್ರೆ ಫೋನ್ ತಾನೇ ಹೊಡ್ಕೊಳ್ತು ಅಂತ ನನ್ ಬಾಯಲ್ಲಿ ಬರ್ತಾನೇ ಇರ್ಲಿಲ್ಲ.

ಪೂರ್ತಿ ಹೊಂದುತ್ತೆ ಅಂತಿಲ್ಲ. ಮನುಷ್ಯರಿಗೆ ಹೊಡಿಯೋದಕ್ಕೆ ‘ವುರ್’ ಅಂತ ಬೇರೆ ಪದ ಇದೆ. ತಂತಿವಾದ್ಯಕ್ಕೂ ಅವರು ಚಾಲ್ ಅಂತಾರೆ, ನಾವು ವೀಣೆ ನುಡಿಸ್ತೀವಿ. ಇನ್ನು ಹಾಲಿಗೆ ಹೆಪ್ಪು ಹಾಕೋದು, ಅದೂ ಮಾಯಾ ಚಾಲ್ಮಾಕ್, ಇದೊಂದನ್ನ ಪ್ರತ್ಯೇಕ ಕಲೀಬೇಕು. ನಸ್ರುದ್ದೀನ್ ಹೋಜಾ ಆಕ್‌ಶೆಹಿರ್ ಕೆರೆ ದಡದಲ್ಲಿ ಕೂತು ನೀರಿಗೆ ಹೆಪ್ಪು ಹಾಕ್ತಿದ್ನಂತೆ, ಕೆರೆ ಎಲ್ಲಾದ್ರೂ ಮೊಸರಾಗುತ್ತಾ ಅಂತ ಜನ ಕೇಳಿದ್ರೆ "ಯಾ ತುತಾರ್ಸಾ" ಅಂದ, ಒಂದ್ವೇಳೆ ಹಿಡಿದ್ಬಿಟ್ರೆ ಅಂತ. ಈ ಕಥೆನ ಟರ್ಕಿಶಲ್ಲೇ ಒಂದ್ಸಲ ಯಾರ ಬಾಯಲ್ಲಾದ್ರೂ ಕೇಳಿ, ಆ ಅರ್ಥಕ್ಕೆ ಕಾರ್ಡ್ ಬೇಕಾಗಲ್ಲ.