ರೆಕ್ಕೆಯ ಪ್ರಾಣಿಗೆ ಮೊದಲೇ ಗೊತ್ತಿತ್ತು

ಜಯನಗರದ ಓದುಗರೊಬ್ಬರ ಪತ್ರದ ಸಾರಾಂಶ: ‘ನಾನು ಸರ್ಕಾರಿ ಕಚೇರಿಯೊಂದರ ನೌಕರಳು. ಮಗಳು ಓದಿ ಮುಗಿಸಿದ್ದ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಮೆಟ್ರೊದಲ್ಲಿ ಓದತೊಡಗಿದೆ. ಡ್ರ್ಯಾಗನ್ನಿನಂಥ, ಆದರೆ ಬೆಂಕಿ ಉಗುಳದ ಪ್ರಾಣಿಗಳಿರುವ ಬೆಟ್ಟಗಳ ನಾಡು. ಅವುಗಳಿಗೆ ಔಷಧ ಮಾಡುವವಳು ನಾಯಕಿ, ಅವುಗಳ ಸವಾರ ನಾಯಕ. ಅವರು ಒಬ್ಬರ ಕೈ ಒಬ್ಬರು ಹಿಡಿಯುವ ಹೊತ್ತಿಗೆ ನಾನ್ನೂರು ಪುಟ ಕಳೆದಿತ್ತು. ಮಗಳು ಇದನ್ನು ಸ್ಲೋ ಬರ್ನ್ ಎನ್ನುತ್ತಾಳೆ. ನಾನಂತೂ ಓದುತ್ತ ಓದುತ್ತ ಮೆಜೆಸ್ಟಿಕ್ ಬಿಟ್ಟು ಸಂಪಿಗೆ ರಸ್ತೆ ನಿಲ್ದಾಣಕ್ಕೆ ಹೋಗಿ ವಾಪಸು ಬಂದೆ. ಸಹೋದ್ಯೋಗಿಯೊಬ್ಬರು, ಈ ವಯಸ್ಸಿನಲ್ಲಿ ಇದೇನು ಮೇಡಂ, ಪರದೇಶದ ಹಲ್ಲಿಯ ಕಥೆ ಎಂದು ನಕ್ಕರು. ಪ್ರಾಣಿಯ ಹರಿದ ರೆಕ್ಕೆ ಹೊಲಿಯುವ ಪ್ರಸಂಗವಂತೂ ಬಹಳ ಮೆಚ್ಚಿಕೆಯಾಯಿತು. ಇಷ್ಟು ನಿಧಾನದ ಕಥೆ ನನಗೇಕೆ ಹಿಡಿಸಿತು? ಕನ್ನಡದಲ್ಲಿ ಇಂಥದ್ದೇನಾದರೂ ಇದೆಯೇ? ಇದರ ಎರಡನೆಯ ಭಾಗ ಸಪ್ಪೆ ಎನ್ನುತ್ತಾರೆ, ಓದಲೇ ಬೇಡವೇ?’

ಪ್ರಿಯ ಓದುಗರೇ,

ನಿಮ್ಮ ಸಹೋದ್ಯೋಗಿಯ ಕಡತವನ್ನು ಮೊದಲು ವಿಲೇವಾರಿ ಮಾಡಿಬಿಡೋಣ. ಅವರ ಮೇಜಿನ ಮೇಲಿರುವ ಯಾವುದಾದರೂ ಸರ್ಕಾರಿ ಆದೇಶದ ನೆತ್ತಿಯನ್ನು ನೋಡಲು ಹೇಳಿ. ನಡುವೆ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕದಲ್ಲಿ ಸಿಂಹದ ಮೈಗೆ ಆನೆಯ ತಲೆ ಹೊತ್ತು ನಿಂತ ಪ್ರಾಣಿಗಳು. ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಈ ಜೀವಿಗಳ ಲಾಂಛನದಡಿಯಲ್ಲಿಯೇ ಅವರಿಗೂ ತಿಂಗಳು ತಿಂಗಳು ಸಂಬಳ ಬರುತ್ತಿದೆ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಮಕರಗಳದ್ದೇ ಒಂದು ಪಟ್ಟಿಕೆ ಇದೆ: ಮೊಸಳೆಯ ದವಡೆ, ಆನೆಯ ಸೊಂಡಿಲು, ನವಿಲಿನ ಬಾಲ. ಇನ್ನು ವಯಸ್ಸಿನ ಮಾತು. ಅದಕ್ಕೆ ಉತ್ತರ ಕೊಡುವುದು ಕಾಗದಕ್ಕೆ ದಂಡ.

ನಿಮ್ಮ ಪತ್ರ ಓದಿದ ಮೇಲೆ ಕುತೂಹಲ ತಡೆಯಲಾರದೆ ಆ ಪುಸ್ತಕವನ್ನು ತರಿಸಿ ಓದಿದೆ. ಕೊನೆಯ ನೂರು ಪುಟಗಳ ಯುದ್ಧ ನನಗೆ ರುಚಿಸಲಿಲ್ಲ. ಯುದ್ಧವನ್ನು ಬರೆಯಲೇಬೇಕೆಂದು ಯಾರೋ ಒತ್ತಾಯಿಸಿದಂತಿದೆ. ಆದರೆ ನೀವು ಮೆಚ್ಚಿ ಬರೆದ ರೆಕ್ಕೆ ಹೊಲಿಯುವ ಪ್ರಸಂಗ ನಿಜಕ್ಕೂ ಒಳ್ಳೆಯದು. ಪ್ರಾಣಿಯ ರೆಕ್ಕೆಯ ಚರ್ಮ ಮುಳ್ಳುಬಂಡೆಗೆ ಸಿಕ್ಕಿ ಮೊಳದುದ್ದ ಹರಿದಿದೆ. ಅದು ದನಿ ಕೇಳಿದರೆ ಬೆದರುತ್ತದೆ, ಹಾಗಾಗಿ ಇಬ್ಬರೂ ಮಾತನಾಡುವಂತಿಲ್ಲ. ಅವನು ಎರಡೂ ಮೊಣಕಾಲಿನಲ್ಲಿ ರೆಕ್ಕೆಯ ಮೂಳೆಯನ್ನು ಅದುಮಿ ಹಿಡಿದಿದ್ದಾನೆ. ಅವಳು ಕಂದೀಲಿನ ಬೆಳಕಿನಲ್ಲಿ ಹೊಲಿಗೆ ಹಾಕುತ್ತಿದ್ದಾಳೆ. ದಾರ ಮುಗಿದಾಗ ಬಾಯಿಬಿಟ್ಟು ಕೇಳುವಂತಿಲ್ಲವಲ್ಲ, ಕೈ ಚಾಚುತ್ತಾಳೆ. ಅವನು ತನ್ನ ಅಂಗಿಯ ಅಂಚಿನಿಂದ ಎಳೆ ಬಿಡಿಸಿ ಕೊಡುತ್ತಾನೆ. ಹೊಲಿಗೆ ಮುಗಿಯುತ್ತದೆ. ಸವಾರನನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸದ ಆ ಪ್ರಾಣಿ ತನ್ನ ಗದ್ದವನ್ನು ತಂದು ಅವಳ ಹೆಗಲ ಮೇಲೆ ಇಡುತ್ತದೆ. ಅವನು ಅದನ್ನು ನೋಡುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ನಿಮಗೆ ಏಕೆ ಹಿಡಿಸಿತು ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ ಎಂದು ನನ್ನ ಎಣಿಕೆ. ಆ ಹೊತ್ತಿಗೆ ಪ್ರಾಣಿಗೆ ಗೊತ್ತಾಗಿದೆ, ನಿಮಗೂ ಗೊತ್ತಾಗಿದೆ, ಗೊತ್ತಿಲ್ಲದವರು ಅವರಿಬ್ಬರೇ. ಮುಂದಿನ ಇನ್ನೂರು ಪುಟ ನೀವು ಓದುವುದು ಏನಾಗುತ್ತದೆ ಎಂಬ ಕುತೂಹಲಕ್ಕಲ್ಲ. ಆಗಲೇಬೇಕಾದದ್ದು ಇವರಿಗೆ ಯಾವಾಗ ಹೊಳೆಯುತ್ತದೆ ಎಂದು ಕಾಯುವುದಕ್ಕೆ. ಕೂಡುವ ಮೊದಲಿನ ಈ ಹಂಬಲವನ್ನು ನಮ್ಮ ಅಲಂಕಾರಶಾಸ್ತ್ರದವರು ಪೂರ್ವರಾಗವೆಂದು ಕರೆದು ವಿಪ್ರಲಂಭ ಶೃಂಗಾರದಲ್ಲಿ, ಅಂದರೆ ಅಗಲಿಕೆಯ ಪ್ರೇಮರಸದಲ್ಲಿ, ಅದಕ್ಕೊಂದು ಜಾಗ ಕೊಟ್ಟಿದ್ದಾರೆ. ಹಾಗಾಗಿ ನಿಧಾನವನ್ನು ಸವಿಯುವ ಓದುಗರು ನಿನ್ನೆ ಮೊನ್ನೆ ಹುಟ್ಟಿದವರಲ್ಲ.

ಆದರೆ ನಿಧಾನವೆಲ್ಲ ಒಂದೇ ಅಲ್ಲ. ಧಾರಾವಾಹಿಗಳನ್ನು ವಾರವಾರವೂ ಅಚ್ಚಿಗೆ ಕಳಿಸಿದವನಾಗಿ ಈ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಮಾತನಾಡುತ್ತೇನೆ. ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು ಹತ್ತು ಕಂತು ಎಳೆಯುವುದು, ನಿಜ ಹೇಳಲು ಬಾಯಿ ತೆರೆಯುವಾಗಲೇ ಬಾಗಿಲು ಬಡಿಯುವಂತೆ ಮಾಡುವುದು, ನಾಯಕನಿಗೆ ದಿಢೀರನೆ ಮರೆವಿನ ರೋಗ ತರಿಸುವುದು ಇವೆಲ್ಲ ಲೇಖಕರು ತಂದು ಅಡ್ಡ ನಿಲ್ಲಿಸಿದ ಬೇಲಿಗಳು. ಓದುಗರಿಗೆ ಅದು ಮೂರನೆಯ ಕಂತಿನಲ್ಲಿಯೇ ಗೊತ್ತಾಗುತ್ತದೆ. ಪತ್ರ ಬರೆದು ಬೈಯುತ್ತಾರೆ, ಬೈಯುವುದು ಸರಿಯೂ ಹೌದು. ನಿಮ್ಮ ಕಾದಂಬರಿಯಲ್ಲಿ ತಡೆ ಹುಟ್ಟುವುದು ಆ ನಾಡಿನ ಕಟ್ಟಳೆಯಿಂದ: ಸವಾರನ ಮನಸ್ಸು ಕಲಕಿದರೆ ಅವನ ಪ್ರಾಣಿ ಹಾರುವಾಗ ಹತೋಟಿ ತಪ್ಪುತ್ತದೆ. ಅವನು ಮಾತನ್ನು ನುಂಗಿಕೊಳ್ಳುವುದಕ್ಕೆ ಬಿಗುಮಾನವಲ್ಲ, ಜೀವಭಯ ಕಾರಣ. ಪ್ರಾಣಿಯನ್ನು ಕಥೆಯಿಂದ ಕಿತ್ತುಹಾಕಿದರೆ ಪ್ರೇಮವೂ ಕುಸಿದುಬೀಳುತ್ತದೆ. ಸುಮ್ಮನೆ ಅಲಂಕಾರಕ್ಕೆಂದು ಡ್ರ್ಯಾಗನ್ ಸಾಕಿದ ಕಾದಂಬರಿಗಳು ಈಗ ರಾಶಿ ರಾಶಿ ಬರುತ್ತಿವೆ. ಅವುಗಳಲ್ಲಿ ಪ್ರಾಣಿಯ ಜಾಗಕ್ಕೆ ಮೋಟರ್‌ಸೈಕಲ್ ತಂದಿಟ್ಟರೂ ಕಥೆ ಓಡುತ್ತದೆ.

ನನಗೊಂದು ತಕರಾರಿದೆ. ಇಷ್ಟು ದೊಡ್ಡ ಪ್ರಾಣಿ ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂದು ಲೇಖಕಿ ಎಲ್ಲಿಯೂ ಹೇಳುವುದಿಲ್ಲ. ಭೂಮಿಯ ಮೇಲೆ ಹಾರಿದ ಅತಿ ದೊಡ್ಡ ಜೀವಿಗಳಲ್ಲಿ ಒಂದಾದ ಕ್ವೆಟ್ಜಾಲ್‌ಕೋಟ್ಲಸ್‌ನ ರೆಕ್ಕೆಗಳ ಹರವು ಸುಮಾರು 10 ಮೀಟರ್ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಕವಚ ತೊಟ್ಟ ಆಳನ್ನು ಬೆನ್ನಿಗೇರಿಸಿಕೊಂಡು ಹಾರುವ ಪ್ರಾಣಿಗೆ ಎಷ್ಟು ಕುರಿ ಬೇಕು, ಅವುಗಳ ಲೆಕ್ಕ ಬರೆಯುವವರು ಯಾರು? ಸಗಣಿ ಬಾಚುವವರು ಯಾರು? ಲಾಯದ ವಾಸನೆ ಪುಟದ ಮೇಲೆ ಬಂದಿದ್ದರೆ ಆ ಕಂದೀಲಿನ ಬೆಳಕು ಇನ್ನಷ್ಟು ನಂಬಿಕೆಯಾಗುತ್ತಿತ್ತು.

ಕನ್ನಡದಲ್ಲಿ ಇದೆಯೇ ಎಂದು ಕೇಳಿದ್ದೀರಿ. ಇದೇ ಅಚ್ಚಿನದ್ದು ಇಲ್ಲ. ಆದರೆ ಏಳನೆಯ ಶತಮಾನದಲ್ಲಿ ಬಾಣಭಟ್ಟ ಸಂಸ್ಕೃತದಲ್ಲಿ ಆರಂಭಿಸಿ, ಅವನ ಮಗ ಪೂರ್ತಿ ಮಾಡಿ, ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಗದ್ಯ ಪದ್ಯ ಬೆರೆತ ಚಂಪುವಾಗಿ ಕನ್ನಡಕ್ಕೆ ತಂದ ‘ಕಾದಂಬರಿ’ಯನ್ನು ಒಮ್ಮೆ ಓದಿ ನೋಡಿ. ರಾಜಕುಮಾರ ಚಂದ್ರಾಪೀಡ ಇಂದ್ರಾಯುಧವೆಂಬ ಕುದುರೆಯೇರಿ ಕಿನ್ನರ ದಂಪತಿಯ ಬೆನ್ನಟ್ಟಿ ಅಚ್ಛೋದ ಸರೋವರದ ದಡಕ್ಕೆ ಬರುತ್ತಾನೆ. ಅಲ್ಲಿ, ಸತ್ತ ಪ್ರಿಯನಿಗಾಗಿ ಕಾಯುತ್ತಿರುವ ಮಹಾಶ್ವೇತೆ. ಅವಳ ಮೂಲಕ ಅವನಿಗೆ ನಾಯಕಿ ಕಾದಂಬರಿಯ ಪರಿಚಯ. ಇಬ್ಬರೂ ಮನಸ್ಸು ಬಿಚ್ಚಿ ಮಾತನಾಡುವ ಮೊದಲೇ ತಂದೆಯ ಓಲೆ ಬಂದು ಅವನು ಉಜ್ಜಯಿನಿಗೆ ಹೊರಡಬೇಕಾಗುತ್ತದೆ. ತಿರುಗಿ ಬಂದವನು ಗೆಳೆಯನ ಸಾವಿನ ಸುದ್ದಿ ಕೇಳಿ ಎದೆಯೊಡೆದು ಬೀಳುತ್ತಾನೆ. ಕೆಡದೆ ಉಳಿದ ಅವನ ದೇಹವನ್ನು ಅವಳು ಕಾಯುತ್ತಾ ಕೂರುತ್ತಾಳೆ. ನಾನ್ನೂರು ಪುಟ ನಿಮಗೆ ಹೆಚ್ಚೆನಿಸಿತೇ? ಇಲ್ಲಿ ಜನ್ಮಗಳೇ ದಾಟಿಹೋಗುತ್ತವೆ.

ಆ ಕುದುರೆಯ ಮೇಲೆ ಒಂದು ಕಣ್ಣಿಟ್ಟಿರಿ. ಚಂದ್ರಾಪೀಡ ಬಿದ್ದೊಡನೆ ಅದು ಸರೋವರಕ್ಕೆ ಹಾರುತ್ತದೆ, ನೀರಿನಿಂದ ಮೇಲೆದ್ದು ಬರುವವನು ಋಷಿಕುಮಾರ ಕಪಿಂಜಲ. ಅವನು ಮಹಾಶ್ವೇತೆಯ ಪ್ರಿಯನ ಆಪ್ತ ಗೆಳೆಯ, ಶಾಪದಿಂದ ಕುದುರೆಯಾಗಿದ್ದವನು. ಹಿಂದಿನದೆಲ್ಲ ಅವನಿಗೆ ನೆನಪಿತ್ತು. ರಾಜಕುಮಾರನನ್ನು ಆ ದಡಕ್ಕೆ ಬೇಕೆಂದೇ ಹೊತ್ತು ತಂದವನೂ ಅವನೇ. ಸವಾರನಿಗೆ ತಿಳಿಯದ್ದು ವಾಹನಕ್ಕೆ ತಿಳಿದಿತ್ತು. ನಿಮ್ಮ ಪುಸ್ತಕದ ಲೇಖಕಿ ಬಾಣನನ್ನು ಓದಿರಲಿಕ್ಕಿಲ್ಲ, ಓದಿದ್ದರೆ ಕುಣಿದಾಡುತ್ತಿದ್ದರು. ನಾಗವರ್ಮನ ಹಳಗನ್ನಡ ಕಷ್ಟವೆನಿಸಿದರೆ ಬಾಣನ ಗದ್ಯಾನುವಾದ ಹುಡುಕಿ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ ನಿಮ್ಮ ಕಚೇರಿಗೆ ದೂರವಿಲ್ಲದಿದ್ದರೆ ಊಟದ ವಿರಾಮದಲ್ಲಿ ಒಮ್ಮೆ ಹೋಗಿ ಕೇಳಬಹುದು.

ಪ್ರಾಣಿಯೇ ಮುಖ್ಯ, ಪ್ರೇಮ ಆಮೇಲೆ ಎನ್ನುವುದಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇದೆ, 1980ರದು. ಅಲ್ಲಿ ಜನ ಕಾಡು ಅಲೆಯುವುದು ಹಾರುವ ಓತಿಯೊಂದರ ಬೆನ್ನುಹತ್ತಿ. ಆ ಓತಿ ಕಟ್ಟುಕಥೆಯಲ್ಲ. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇಂದಿಗೂ ಇರುವ, ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಡ್ರಾಕೊ, ಅಂದರೆ ಡ್ರ್ಯಾಗನ್, ಎಂದು ಹೆಸರಿಟ್ಟ ಕುಲಕ್ಕೆ ಸೇರಿದ ಗೇಣುದ್ದದ ಜೀವಿ. ಅದರ ಪಕ್ಕೆಲುಬುಗಳೇ ಮೈಯಿಂದ ಹೊರಚಾಚಿ, ನಡುವಿನ ಚರ್ಮ ರೆಕ್ಕೆಯಾಗಿ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲಿಸುತ್ತದೆ. ಊಟ ಇರುವೆ. ಗಂಡು ತನ್ನ ಗಂಟಲಿನ ಹಳದಿ ಚರ್ಮವನ್ನು ಬಿಚ್ಚಿ ಮಡಿಸಿ, ಬಿಚ್ಚಿ ಮಡಿಸಿ ಹೆಣ್ಣನ್ನು ಒಲಿಸಲು ನೋಡುತ್ತದೆ. ‘ಪರದೇಶದ ಹಲ್ಲಿ’ ಎಂದ ಸಹೋದ್ಯೋಗಿಗೆ ಇದನ್ನೂ ತಿಳಿಸಿ.

ಎರಡನೆಯ ಭಾಗವನ್ನು ನಾನಿನ್ನೂ ತೆರೆದಿಲ್ಲ, ಆದರೆ ಇಂಥ ಸರಣಿಗಳ ಚಾಳಿ ಬಲ್ಲೆ. ಒಂದಾದ ಜೋಡಿಯನ್ನು ಏನು ಮಾಡಬೇಕೆಂದು ತೋಚದೆ ಮತ್ತೆ ಜಗಳ ಹಚ್ಚಿ ಬೇರೆ ಮಾಡುತ್ತಾರೆ, ಇಲ್ಲವೇ ಮೂರನೆಯವಳೊಬ್ಬಳನ್ನು ಕರೆತರುತ್ತಾರೆ. ಮೊದಲ ನೂರು ಪುಟ ಓದಿ. ಆ ಜಗಳಕ್ಕೆ ಪ್ರಾಣಿಯಲ್ಲಿ ಕಾರಣ ಕಂಡರೆ ಮುಂದುವರಿಸಿ. ಕಾಣದಿದ್ದರೆ ಪುಸ್ತಕವನ್ನು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗೆ ಕೊಟ್ಟುಬಿಡಿ. ಮಗಳನ್ನು ಒಂದು ಮಾತು ಕೇಳಿದ ಮೇಲೆ.

– ಸಂಪಾದಕ