ಡೊಂಕು ಜಾಲಿಯ ಬಿಲ್ಲು: ಗಂಟನ್ನು ಸಪಾಟು ಮಾಡಬೇಡಿ

ಜಮಖಂಡಿಯಿಂದ ಕೇಳಿದ್ದೀರಿ: ಬದುವಿನ ಜಾಲಿ ಕೊಂಬೆ ಸೀಳಿ ಒಣಗಿಸಿದ್ದೇನೆ, ಡೊಂಕಿದೆ, ಎರಡು ಗಂಟೂ ಇವೆ, ಬಿಲ್ಲಾಗುತ್ತಾ ಅಂತ. ಆಗುತ್ತದ್ರೀ. ಬಂಡಿ ಗಾಲಿಗೆ ಬಳಸುವ ಮರ ಅದು, ಸುಮ್ನೆ ಒಲೆಗೆ ಹಾಕಬೇಡಿ.

ಗಂಟಿನ ಉಬ್ಬನ್ನು ಮಾತ್ರ ಕೀಸುಳಿ ಹಿಡಿದು ಸಪಾಟು ಮಾಡಬೇಡಿ. ನನ್ನ ಮೊದಲ ಬಿಲ್ಲಿಗೆ ಅದನ್ನೇ ಮಾಡಿದ್ದೆ. ಎಳೆಯುತ್ತಿದ್ದಂತೆ ಟಕ್ ಅಂತ ಅಲ್ಲೇ ಸೀಳಿತು. ಎಳೆದಾಗ ಹಿಗ್ಗುವುದು ಬಿಲ್ಲಿನ ಹೊರಮೈ, ಅಂದರೆ ಗುರಿಯ ಕಡೆಗಿರುವ ಮೈ, ಅಲ್ಲಿ ನಾರು ತುಂಡಾಗಬಾರದು. ಕಲ್ಲು ಅಡ್ಡ ಬಂದರೆ ಹಳ್ಳದ ನೀರು ಸುತ್ತಿ ಹೋಗುತ್ತದಲ್ವಾ, ಗಂಟಿನ ಹತ್ತಿರ ನಾರೂ ಹಾಗೇ. ನಿಮ್ಮ ಅರವೂ ಸುತ್ತಿಯೇ ಹೋಗಲಿ. ಅಲ್ಲಿ ಅಗಲ ಸ್ವಲ್ಪ ಜಾಸ್ತಿ ಬಿಡಿ. ತೆಳು ಮಾಡುವುದೆಲ್ಲ ಒಳಮೈಯಿಂದ.

ಡೊಂಕಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಎರಡೂ ತುದಿಗೆ ದಾರ ಕಟ್ಟಿ ನೋಡಿ. ಅದು ಹಿಡಿಯ ನಡುವೆ ಹಾದರೆ ಸಾಕು, ಮೈ ಹಾವಿನಂತಿದ್ದರೂ ನಡೆಯುತ್ತದೆ. ಪಕ್ಕಕ್ಕೆ ಸರಿದಿದ್ದರೆ ಹಬೆ ಕೊಡಿ, 1 ಇಂಚು ದಪ್ಪಕ್ಕೆ ಸುಮಾರು 1 ಗಂಟೆ. ಬಿಸಿ ಇರುವಾಗಲೇ ಹಲಗೆಗೆ ಬಿಗಿದು ಕಟ್ಟಿ, ಪೂರ್ತಿ ಆರುವ ತನಕ ಬಿಚ್ಚಬೇಡಿ. ಮತ್ತೆ ಚೆನ್ನಾಗಿ ಒಣಗಿದ ಮೇಲೆಯೇ ಹೆದೆ.

ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಬಿಲ್ಲು ಮುರಿಯಬಹುದು. ಮನೆ ಮಕ್ಕಳು ಮೊದಲು ಮಾಡುವುದೇ ಅದು.