ತೀರಿಕೊಂಡ ಅಪ್ಪನ ಮಿಲಿಟರಿ ಸರ್ವಿಸ್ ದಾಖಲೆ ಎಲ್ಲಿ ಸಿಗುತ್ತದೆ?

ನಿಮ್ಮ ತಂದೆ 1971ರ ಯುದ್ಧದ ಹೊತ್ತಿಗೆ ಸೈನ್ಯದಲ್ಲಿ ಜವಾನರಾಗಿದ್ದರು, ಈಗ ಮನೆಯಲ್ಲಿ ಒಂದು ಫೋಟೋ, ಎರಡು ಮೆಡಲ್ ಬಿಟ್ಟರೆ ಏನೂ ಉಳಿದಿಲ್ಲ, ರೆಜಿಮೆಂಟ್ ಯಾವುದೆಂದೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ಆ ಮೆಡಲ್‌ಗಳಿಂದಲೇ ಶುರು ಮಾಡಿ. ಬೆಳಕಿಗೆ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿ ನೋಡಿ. ನಕ್ಷತ್ರದ ಆಕಾರದ್ದಾದರೆ ಹಿಂಬದಿ ನೋಡಿ. ಸಾಮಾನ್ಯವಾಗಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೈನಿಕನ ಸರ್ವಿಸ್ ನಂಬರ್, ಹೆಸರು, ರೆಜಿಮೆಂಟ್ ಕೊರೆದಿರುತ್ತಾರೆ. ನಮ್ಮಪ್ಪನಿಗೆ 1971ರ ಯುದ್ಧಕ್ಕಾಗಿ ಸಿಕ್ಕ ಸಂಗ್ರಾಮ್ ಮೆಡಲ್ ಅಂಚಿನಲ್ಲಿ ಹಳೇ ಪಾಲಿಶ್ ಮೆತ್ತಿ ಗಟ್ಟಿಯಾಗಿತ್ತು. ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದ ಮೇಲೆ ಒಂದೊಂದೇ ಅಂಕಿ ಕಾಣಿಸಿಕೊಂಡಿತು.

ಮೆಡಲ್ ಯಾವುದು ಅನ್ನುವುದೂ ಮುಖ್ಯ. ಪೂರ್ವಿ ಸ್ಟಾರ್ ಇದ್ದರೆ ಅವರು ಬಾಂಗ್ಲಾ ಕಡೆಯ ರಂಗದಲ್ಲಿದ್ದರು. ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ಗಡಿಯಲ್ಲಿ.

ಮೆಡಲ್‌ನಲ್ಲಿ ನಂಬರ್ ಸಿಗದಿದ್ದರೆ ಡಿಸ್ಚಾರ್ಜ್ ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ಹುಡುಕಿ. ನಿಮ್ಮ ತಾಯಿಗೆ ಫ್ಯಾಮಿಲಿ ಪೆನ್ಷನ್ ಬರುತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಪಿಪಿಓದಲ್ಲೇ, ಅಂದರೆ ಪೆನ್ಷನ್ ಪಾವತಿ ಆದೇಶದಲ್ಲೇ, ನಂಬರ್ ಇರುತ್ತದೆ. ಅದೂ ಇಲ್ಲವಾದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಅಪ್ಪ ಅಲ್ಲಿ ಹೆಸರು ನೋಂದಾಯಿಸಿದ್ದರೆ ವಿವರ ಸಿಗಬಹುದು.

ನಂಬರ್, ರೆಜಿಮೆಂಟ್ ಗೊತ್ತಾದ ಮೇಲೆ ದೆಹಲಿಗೆ ಬರೆಯಲು ಹೋಗಬೇಡಿ. ಜವಾನರ ಮತ್ತು ಜೆಸಿಓಗಳ (ಸುಬೇದಾರ್ ಮುಂತಾದವರ) ಕಾಗದಪತ್ರ ಇರುವುದು ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲಿ. ಮದ್ರಾಸ್ ಸ್ಯಾಪರ್ಸ್, ಅಂದರೆ ಎಂಇಜಿ ಎಂಬ ಎಂಜಿನಿಯರ್ ಪಡೆಯದ್ದು ಬೆಂಗಳೂರಿನಲ್ಲಿದೆ. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ತಮಿಳುನಾಡಿನ ವೆಲಿಂಗ್ಟನ್, ಆರ್ಟಿಲರಿ (ಫಿರಂಗಿ ಪಡೆ) ನಾಸಿಕ್, ಸಿಗ್ನಲ್ಸ್ ಜಬಲ್‌ಪುರ, ಇಎಂಇ (ಯಂತ್ರೋಪಕರಣ ರಿಪೇರಿಯ ಪಡೆ) ಸಿಕಂದರಾಬಾದ್. ಆಫೀಸರ್ ಆಗಿದ್ದವರದ್ದು ಮಾತ್ರ ದೆಹಲಿಯ ಸೇನಾ ಕೇಂದ್ರ ಕಚೇರಿಯಲ್ಲಿ.

ಒಂದು ವಿಷಯ ಈಗಲೇ ತಿಳಿದಿರಲಿ. ಪೆನ್ಷನ್ ಇಲ್ಲದೆ ಸೈನ್ಯ ಬಿಟ್ಟು ಬಂದವರ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವ ನಿಯಮವಿದೆ. ಆಗ ಉಳಿಯುವುದು ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನ ವಿವರ ಮಾತ್ರ: ನಂಬರ್, ಹೆಸರು, ಭರ್ತಿಯಾದ ದಿನ, ಬಿಟ್ಟ ದಿನ, ಅಷ್ಟೇ. ಅಷ್ಟಾದರೂ ಕೇಳಿ ಪಡೆಯಿರಿ. ಅಪ್ಪ ಪೆನ್ಷನ್ ಮೇಲೆ ಬಂದವರಾದರೆ ಜಾಸ್ತಿ ಸಿಗುವ ಆಸೆ ಇಟ್ಟುಕೊಳ್ಳಬಹುದು.

ಪತ್ರದಲ್ಲಿ ‘ಎಲ್ಲಾ ಮಾಹಿತಿ ಕೊಡಿ’ ಅಂತ ಸುಮ್ನೆ ಬರೆದರೆ ಎರಡು ಸಾಲಿನ ಉತ್ತರ ಬರುತ್ತದೆ. ‘ಶೀಟ್ ರೋಲ್‌ನ ನಕಲು’ ಅಂತ ಹೆಸರು ಹಿಡಿದು ಕೇಳಿ, ಅದು ಸೈನಿಕನ ಸರ್ವಿಸ್ ವಿವರಗಳ ಹಾಳೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ತೆಗೆಸಿದ ವಂಶವೃಕ್ಷ, ನಿಮ್ಮ ಆಧಾರ್ ಪ್ರತಿ ಜೊತೆಗಿರಲಿ. ಊರಿನ ವಿಳಾಸವನ್ನು ಅವರು ಭರ್ತಿಯಾದ ಕಾಲದ್ದೇ ಕೊಡಿ. ನಮ್ಮೂರು ಈಗ ದಾವಣಗೆರೆ ಜಿಲ್ಲೆಯಲ್ಲಿದೆ. ಆ ಜಿಲ್ಲೆ ಆದದ್ದು 1997ರಲ್ಲಿ. ಅಪ್ಪನ ಕಾಗದದಲ್ಲಿ ಇರುವುದು ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ. ಹೆಸರಿನ ಇಂಗ್ಲಿಷ್ ಸ್ಪೆಲಿಂಗೂ ಬೇರೆ ಇರಬಹುದು, ಎರಡು ಮೂರು ಥರ ಬರೆದು ಕೊಡಿ.

ಶೀಟ್ ರೋಲ್ ಯಾಕೆ ಅಂದರೆ, ಅದರಲ್ಲಿ ಬರೀ ಪೋಸ್ಟಿಂಗ್, ಪ್ರಮೋಷನ್ ಇರುವುದಿಲ್ಲ. ಜವಾನನ ಮದುವೆ, ಮಕ್ಕಳು ಹುಟ್ಟಿದ್ದು ಎಲ್ಲವೂ ಪಾರ್ಟ್ ಟು ಆರ್ಡರ್ ಎಂಬ ಸೇನೆಯ ಅಧಿಕೃತ ಆದೇಶವಾಗಿ ದಾಖಲಾಗುತ್ತದೆ. ಅಪ್ಪನ ಶೀಟ್ ರೋಲ್‌ನಲ್ಲಿ ಅಮ್ಮನ ಹೆಸರಿತ್ತು, ಅದರ ಕೆಳಗೆ ನನ್ನದು, ಹುಟ್ಟಿದ ತಾರೀಕು, ಆರ್ಡರ್ ನಂಬರ್. ನಾನು ಹುಟ್ಟಿದಾಗ ಅಪ್ಪ ಎಲ್ಲಿದ್ದರು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಪೋಸ್ಟಿಂಗ್ ಪಟ್ಟಿಯ ತಾರೀಕುಗಳ ಜೊತೆ ಇಟ್ಟು ನೋಡಿದಾಗ ಗೊತ್ತಾಯಿತು. ಆ ಹಾಳೆಯನ್ನು ಅಮ್ಮನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.

ಪತ್ರಕ್ಕೆ ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ. ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸಿದರೆ, ತೀರಿಕೊಂಡವರ ವಾರಸುದಾರ ನಾನು ಎಂದು ದಾಖಲೆ ಸಮೇತ ಮೇಲ್ಮನವಿ ಸಲ್ಲಿಸಿ. ಅದಕ್ಕೂ 30 ದಿನದ ಗಡುವಿದೆ.

ಯುದ್ಧದಲ್ಲಿ ಅವರ ಯೂನಿಟ್ ಏನು ಮಾಡಿತು ಅನ್ನುವುದು ಶೀಟ್ ರೋಲ್‌ನಲ್ಲಿ ಸಿಗುವುದಿಲ್ಲ. ಅದನ್ನು ಹೇಳಬಲ್ಲವರು ಅದೇ ಯೂನಿಟ್‌ನಲ್ಲಿದ್ದವರು. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಎಪ್ಪತ್ತೈದು ದಾಟುತ್ತಿದೆ. ದಾಖಲೆ ಬರುವ ತನಕ ಕಾಯಬೇಡಿ. ಫೋಟೋದ ಪ್ರತಿ ಮಾಡಿಸಿ, ಹಿಂದೆ ನಂಬರ್, ಹೆಸರು, ನಿಮ್ಮ ಫೋನ್ ಬರೆದು, ತಾಲೂಕಿನ ಮಾಜಿ ಸೈನಿಕರ ಸಂಘಕ್ಕೆ ಈ ವಾರವೇ ಕೊಟ್ಟು ಬನ್ನಿ.